ಚಾವಣಿಯ ದಪ್ಪ

ಜೂನ್ ೩

ಕೋಲು ನೆಡುವ ಕೆಲಸ ಇವತ್ತಿಗೆ ಮುಗಿಯಿತು. ಹಿಮನದಿಯ ಮೂತಿಯಿಂದ ಮೇಲಿನ ಕೆರೆಯವರೆಗೆ ಒಟ್ಟು ಹತ್ತೊಂಬತ್ತು. ಹಬೆಯ ಕೊಳವೆಯಿಂದ ಮಂಜುಗಡ್ಡೆಗೆ ಎಂಟು ಮೀಟರ್ ತೂತು ಕೊರೆದು, ಅಲ್ಯೂಮಿನಿಯಂ ಕೋಲು ಇಳಿಸಿ, ಹೊರಗೆ ಉಳಿದ ತುದಿಯನ್ನು ಅಳೆದು ಬರೆದುಕೊಳ್ಳುವುದು. ನಾಲ್ಕು ದಿನ ಬಿಟ್ಟು ಬಂದು ಮತ್ತೆ ಅಳೆಯುವುದು. ಕೋಲು ಎಷ್ಟು ಹೊರಗೆ ಬಂದಿದೆಯೋ ಅಷ್ಟು ಮಂಜು ಕರಗಿದೆ. ಹದಿಮೂರು ವರ್ಷದಿಂದ ಇದೇ ಕೆಲಸ. ಕಣಿವೆಯ ಊರಿನವರು ನನ್ನನ್ನು ಕೋಲಕ್ಕ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಹಿಂದೆ ಇನ್ಯಾರೋ ಇದ್ದಾರೆಂದು ತಿರುಗಿ ನೋಡುತ್ತೇನೆ.

ಈ ಸಲ ರೇಡಾರ್ ನೋಡಿಕೊಳ್ಳುವವರೊಬ್ಬರು ಜೊತೆಗಿದ್ದಾರೆ. ನನ್ನ ವಾರಗೆಯವರೇ, ಎದೆ ಮುಟ್ಟುವ ಗಡ್ಡ. ಎರಡನೇ ದಿನಕ್ಕೇ ಗಡ್ಡಪ್ಪ ಎಂದು ಕರೆಯತೊಡಗಿದೆ, ಅವರೂ ಒಪ್ಪಿಕೊಂಡರು. ಇವತ್ತು ಇಬ್ಬರೂ ರೇಡಾರ್ ಪೆಟ್ಟಿಗೆಯನ್ನು ಜಾರುಗಾಡಿಯ ಮೇಲಿಟ್ಟು ಅಣ್ಣ ಜನರಿಗೆ ತೋರಿಸುವ ಮಂಜಿನ ಗುಹೆಯ ನೆತ್ತಿಯ ಮೇಲೆ ಎಳೆದಾಡಿದೆವು. ಚಾವಣಿಯ ದಪ್ಪ, ತೀರ ತೆಳುವಾದ ಕಡೆ, ಹನ್ನೊಂದು ಮೀಟರ್ ಎಂಬತ್ತು. ಹೋದ ವರ್ಷ ಇದೇ ಹೊತ್ತಿಗೆ ಹದಿನೇಳು ಇತ್ತು.

ಗಡ್ಡಪ್ಪ ಶಿಳ್ಳೆ ಹಾಕಿದರು. ನಾನು ಎರಡು ಸಲ ಅಳೆಸಿದೆ.

ಜೂನ್ ೭

ಅಣ್ಣನ ಮನೆಗೆ ಹೋಗಿದ್ದೆ. ಗುಹೆ ಅಂದರೆ ಹಿಮನದಿಯ ಅಡಿಯಲ್ಲಿ ಕರಗಿದ ನೀರು ಕೊರೆದ ಸುರಂಗ, ನೂರಿಪ್ಪತ್ತು ಹೆಜ್ಜೆ ಉದ್ದ. ಒಳಗೆ ನಿಂತರೆ ಮೈಕೈಗೆಲ್ಲ ನೀಲಿ ಬಳಿದಂತಾಗುತ್ತದೆ. ಅಪ್ಪ ಅದರೊಳಗೆ ಮೊದಲ ಮೆಟ್ಟಿಲು ಕಡಿದರು, ಅವರ ನಂತರ ಅಣ್ಣ ಇಪ್ಪತ್ತೆರಡು ವರ್ಷದಿಂದ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದಾನೆ. ಮೇ ಕೊನೆಗೆ ಬಾಗಿಲು ಹಾಕುವುದು ವಾಡಿಕೆ. ಈ ವರ್ಷ ಹಾಕಿಲ್ಲ.

"ಅಣ್ಣಾ, ಮೇಲಿಂದ ದಿನಕ್ಕೆ ಒಂಬತ್ತು ಸೆಂಟಿಮೀಟರ್ ಹೋಗ್ತಿದೆ. ಒಳಗಡೆಯಿಂದ ಎಷ್ಟು ಹೋಗ್ತಿದೆಯೋ ದೇವರಿಗೇ ಗೊತ್ತು. ಮುಚ್ಚಿಬಿಡು."

"ಹತ್ತು ವರ್ಷದಿಂದ ಇದೇ ರಾಗ ಹಾಡ್ತಿದೀಯ ಮರಿ."

"ಹತ್ತು ವರ್ಷದಿಂದ ಅದು ಕರಗ್ತಾನೇ ಇದೆ."

"ಅದಕ್ಕೇ ಜನ ಬರೋದು! ಇನ್ನೆರಡು ವರ್ಷ ಆದ್ಮೇಲೆ ಗುಹೇನೂ ಇರಲ್ಲ, ಏನೂ ಇರಲ್ಲ. ಕೊನೇ ಸಲ ನೋಡ್ಕೊಂಡು ಹೋಗೋಣ ಅಂತ ಬರ್ತಾರೆ. ಅವರಿಗೆ ಬೇಡ ಅನ್ನೋಕೆ ನಾನ್ಯಾರು, ನೀನ್ಯಾರು?"

ಅತ್ತಿಗೆ ಬಿಸಿ ಬಿಸಿ ಸೂಪಿನ ಬಟ್ಟಲು ನಮ್ಮಿಬ್ಬರ ನಡುವೆ ಇಟ್ಟು, "ಜಗಳ ಆಡೋರು ಹೊಟ್ಟೆ ತುಂಬಿಸ್ಕೊಂಡು ಆಡಿ. ಬರೀ ಹೊಟ್ಟೇಲಿ ಆಡಿದ್ರೆ ಮನೇಲಿರೋರನ್ನ ತಿಂತೀರ," ಎಂದರು. ಅಣ್ಣ ನಕ್ಕ. ನಾನೂ ನಕ್ಕೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅವನಿಗೆ ಹದಿನೈದು. ಬೆನ್ನಿಗೆ ಕಟ್ಟಿಕೊಂಡು ಹಿಮನದಿಯ ಮೇಲೆಲ್ಲ ತಿರುಗಿಸಿದವನು ಅವನೇ. ಬೂಟಿನ ಮುಳ್ಳು ಊರಿ ನಡೆಯಲು ಕಲಿಸಿದವನೂ ಅವನೇ. ಅವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳಲು ನನಗೆ ಬರುವುದಿಲ್ಲ.

ಜೂನ್ ೧೪

ಬೆಳಿಗ್ಗೆ ಹೋಗಿ ನೋಡಿದರೆ ಒಂದರಿಂದ ಆರರವರೆಗಿನ ಕೋಲುಗಳಿಲ್ಲ. ಎರಡು ಬಿರುಕಿನೊಳಗೆ ಬಿದ್ದಿದ್ದವು, ನಾಲ್ಕನ್ನು ಮೊಣಕಾಲಿಗೆ ಕೊಟ್ಟು ಮಡಿಸಿ ಸಾಲಾಗಿ ಇಟ್ಟಿದ್ದರು, ಯಾರೋ ಎಚ್ಚರಿಕೆಯಿಂದ ಊಟಕ್ಕೆ ಎಲೆ ಹಾಕಿದ ಹಾಗೆ. ಕೂತು ಅತ್ತುಬಿಟ್ಟೆ. ನಾಚಿಕೆಯಾಯಿತು. ಗಡ್ಡಪ್ಪ, "ಮೇಡಂ, ಯಾರು ಅಂತ ಗೊತ್ತಾದ್ರೆ ಹೇಳಿ, ಅವನ ಕೈಕಾಲು ಮುರಿದು ಹಾಕ್ತೀನಿ," ಎಂದರು. ಅವರನ್ನು ಬೈದೆ. ಕೈಕಾಲು ಮುರಿಯುವ ಮಾತನ್ನು ನನ್ನ ಎದುರು ಆಡಬೇಡಿ, ನಾವು ಅಳೆಯಲು ಬಂದವರು, ಮುರಿಯಲು ಅಲ್ಲ ಎಂದೆ. ಅವರು ಸಾರಿ ಎಂದರು.

ಚಾವಣಿ: ಹತ್ತು ಮೀಟರ್ ಹತ್ತು.

ಜೂನ್ ೧೯

ಹೇಗೆ ಬರೆಯುವುದು ತಿಳಿಯುತ್ತಿಲ್ಲ. ಅಣ್ಣನ ಜೊತೆಗಾರ, ಹಗ್ಗ ನೋಡಿಕೊಳ್ಳುತ್ತಿದ್ದವನು, ಇನ್ನಿಲ್ಲ. ಎಲ್ಲರೂ ಅವನನ್ನು ಹಗ್ಗದಯ್ಯ ಎನ್ನುತ್ತಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಗುಹೆಯ ಬಾಯಿಯಲ್ಲಿ ನಿಂತು ಜನರಿಗೆ ಹೆಲ್ಮೆಟ್ ಕೊಡುತ್ತಿದ್ದಾಗ ಮೇಲಿನಿಂದ ಮಂಜಿನ ಬಂಡೆಯೊಂದು ಕಳಚಿತು. ಬೀರುವಿನಷ್ಟು ದೊಡ್ಡದು. ನಾವು ಮತ್ತೆ ನೆಟ್ಟಿದ್ದ ಮೂರನೇ ಕೋಲಿನ ಬಳಿ ಇದ್ದೆವು, ಸದ್ದು ಕಾಲಿನಿಂದ ಹತ್ತಿತು. ಓಡಿ ಹೋದಾಗ ಅಣ್ಣ ಬರಿಗೈಯಲ್ಲಿ ಮಂಜು ಬಗೆಯುತ್ತಿದ್ದ. ಉಗುರು ಕಿತ್ತು ಹೋಗಿದ್ದವು. ಹಗ್ಗದಯ್ಯನ ಎದೆಯಿಂದ ಮೇಲೆ ಏನೂ ಗುರುತು ಸಿಗುವಂತಿರಲಿಲ್ಲ. ಮಂಜು ರಕ್ತವನ್ನು ಕುಡಿಯುವುದಿಲ್ಲ. ಅದು ನೀಲಿಯ ಮೇಲೆ ಹರಿದು ಬಂದು ನನ್ನ ಬೂಟಿನ ಮುಂದೆ ನಿಂತಿತು.

ನಿದ್ದೆ ಬರುತ್ತಿಲ್ಲ. ಎರಡು ಸಲ ವಾಂತಿಯಾಯಿತು.

ಜೂನ್ ೨೦

ಊರಿನ ಮುಖ್ಯ ಬೀದಿಯಲ್ಲಿ, ಔಷಧದ ಅಂಗಡಿಯ ಎದುರು. ಗಡ್ಡಪ್ಪ, ನಿನ್ನೆ ಮಂಜು ಬಗೆದು ಸುಲಿದ ನನ್ನ ಕೈಗೆ ಹಚ್ಚಲು ಮುಲಾಮು ತರಲು ಹೋದವರು. ನಾನು ರಸ್ತೆಯ ಈಚೆ ಕಡೆ ಇದ್ದೆ.

"ತೂತು ಕೊರೆದೋರು ಇವ್ರೇ! ಇವ್ರು ತೂತು ಕೊರೆದಿದ್ದಕ್ಕೇ ಸಡಿಲ ಆಗಿದ್ದು!" ಎಂದು ಯಾರೋ ಕೂಗಿದರು. ಹಗ್ಗದಯ್ಯನ ಅಣ್ಣತಮ್ಮಂದಿರು, ಹೋಟೆಲಿನ ಅಡುಗೆಯವರು, ನಾನು ಇಷ್ಟು ವರ್ಷ ನೋಡಿ ನಕ್ಕ ಮುಖಗಳು. ಮೊದಲು ಗಡ್ಡ ಹಿಡಿದು ಬಗ್ಗಿಸಿದರು. ಆಮೇಲೆ ಬೂಟಿನಿಂದ. ನಮ್ಮ ತೂತುಗಳಲ್ಲಿ ತೀರ ಹತ್ತಿರದ್ದೂ ಗುಹೆಯ ಬಾಯಿಯಿಂದ ಇನ್ನೂರು ಮೀಟರ್ ದೂರದಲ್ಲಿದೆ ಎಂದು ನಾನು ಕೂಗುತ್ತಲೇ ಇದ್ದೆ. ಹುಚ್ಚಿಯ ಹಾಗೆ ಅಂಕಿ ಹೇಳುತ್ತಿದ್ದೆ. ಅಣ್ಣ ಬಂದ. ಬಿಡಿಸುತ್ತಾನೆ ಎಂದುಕೊಂಡೆ. ಅವನು ಗಡ್ಡಪ್ಪನನ್ನು ಎಬ್ಬಿಸಿ ನಿಲ್ಲಿಸಿದ, ಒಂದು ಕ್ಷಣ ಮುಖ ನೋಡಿದ, ಮತ್ತೆ ದವಡೆಗೆ ಒಂದು ಬಿಟ್ಟ. ಒಂದೇ ಏಟು. ಆ ಶಬ್ದ ನನಗೆ ರಸ್ತೆಯ ಈಚೆಗೂ ಕೇಳಿಸಿತು.

ಆಮೇಲೆ ಅಣ್ಣ ಅಲ್ಲೇ ರಸ್ತೆಯಲ್ಲಿ ಕುಕ್ಕರಿಸಿ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಅವನ ಹತ್ತಿರ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಜೂನ್ ೨೩

ದವಡೆಗೆ ತಂತಿ ಕಟ್ಟಿದ್ದಾರೆ. ಗಡ್ಡಪ್ಪನನ್ನು ಅವರ ಮನೆಯವರು ಬಂದು ಕರೆದುಕೊಂಡು ಹೋದರು. ಹೋಗುವ ಮುಂಚೆ ಚೀಟಿಯಲ್ಲಿ ಬರೆದು ತೋರಿಸಿದರು: ‘ಮೇಡಂ ನೀವೂ ಬನ್ನಿ.’

ಇಲ್ಲ. ರೇಡಾರ್ ಒಬ್ಬಳೇ ಎಳೆಯಬಲ್ಲೆ. ಎಳೆದೆ. ಒಂಬತ್ತು ಮೀಟರ್.

ಜೂನ್ ೨೬

ಔಷಧದ ಅಂಗಡಿಯವನು ನನಗೆ ಸಾಮಾನು ಕೊಡುವುದಿಲ್ಲವಂತೆ. "ನಿಮ್ಮಂಥೋರಿಗೆ ಇಲ್ಲಿ ಏನೂ ಇಲ್ಲ" ಎಂದ. ಕೆನ್ನೆಗೆ ಒಂದು ಕೊಟ್ಟೆ. ಕನ್ನಡಕ ಹಾರಿ ಬಾಟಲಿಗಳ ಮೇಲೆ ಬಿತ್ತು. ಆಮೇಲೆ ಕೇಳಿದ್ದೆಲ್ಲ ಕೊಟ್ಟ.

ಒಂಬತ್ತನೇ ಕೋಲು ಈಗ ನನ್ನ ಎದೆಯ ಮಟ್ಟಕ್ಕೆ ಬಂದಿದೆ. ಎರಡು ಮೀಟರ್ ಇನ್ನೂ ಕೆಳಗೆ ಕೊರೆಯಬೇಕು. ಕೆರೆಯ ನೀರು ಏರುತ್ತಿದೆ. ಮೇಲಿನ ಕೆರೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಿಮನದಿಯೇ ಗೋಡೆ. ಆ ಗೋಡೆಯ ಅಡಿಯಲ್ಲಿ ದಾರಿ ಸಿಕ್ಕಿದರೆ ನೀರು ನೇರ ಗುಹೆಗೆ.

ಜುಲೈ ೧

ಗುಹೆಯನ್ನು ಹನ್ನೊಂದು ದಿನ ಮುಚ್ಚಿಸಿದ್ದ ಪರವಾನಗಿ ಆಫೀಸಿನವರು ನಿನ್ನೆ ತೆರೆಯಲು ಒಪ್ಪಿಗೆ ಕೊಟ್ಟರು. ನಾನು ಕಳಿಸಿದ ಮೂರು ವರದಿಗಳಿಗೆ ಬಂದ ಉತ್ತರ ಒಂದೇ ಸಾಲು: ‘ಪರಿಶೀಲನೆಯಲ್ಲಿದೆ.’ ಅಣ್ಣನಿಗೆ ಹೇಳಿ ಕಳಿಸಿದೆ, ಉತ್ತರವಿಲ್ಲ.

ಗುಹೆಗೆ ಹೋಗಲು ತೊರೆಯ ಮೇಲೆ ಮರದ ಕಾಲುಸೇತುವೆ ಇದೆ. ಮುಂಜಾನೆ ಸ್ಟವ್‌ನ ಎಣ್ಣೆ ಸುರಿದು ಬೆಂಕಿ ಹಚ್ಚಿದೆ. ಒದ್ದೆ ಮರ, ಹತ್ತಿಕೊಳ್ಳಲು ಹೊತ್ತು ಹಿಡಿಯಿತು. ಕಾವಲಿನವನು ಓಡಿ ಬಂದ. ವಯಸ್ಸಾದವನು, ಕೋಟಿನಿಂದ ಬಡಿದು ಆರಿಸಲು ನೋಡಿದ. ತಳ್ಳಿದೆ, ತೊರೆಗೆ ಬಿದ್ದ. ನೀರು ಮೊಣಕಾಲಷ್ಟೇ ಇತ್ತು, ತಾನೇ ಎದ್ದ. ಬಾಯಿಗೆ ಬಂದಂತೆ ಬೈಯುತ್ತಾ ಕುಂಟುತ್ತಾ ಹೋದ.

ಚೆನ್ನಾಗಿ ಉರಿಯಿತು. ಇದಕ್ಕಿಂತ ಮೊದಲೇ ಮಾಡಬೇಕಿತ್ತು.

ಜುಲೈ ೪

ಸುಟ್ಟ ಸೇತುವೆಯ ಜಾಗದಲ್ಲಿ ಕಬ್ಬಿಣದ ಏಣಿ ಹಾಕಿಕೊಂಡಿದ್ದಾರೆ. ಆರು ಮೀಟರ್ ನಲವತ್ತು.

ಜುಲೈ ೬

ಮಧ್ಯಾಹ್ನ ಅಣ್ಣ ಗುಡಿಸಲಿಗೆ ಬಂದ. ಹಿಮನದಿಯ ಅಂಚಿನ ಈ ತಗಡಿನ ಗುಡಿಸಲಿಗೆ ಅವನು ಎರಡು ವರ್ಷದಿಂದ ಕಾಲಿಟ್ಟಿರಲಿಲ್ಲ. ಬಾಗಿಲು ತಟ್ಟಲಿಲ್ಲ, ಒದ್ದ.

"ಆ ಮುದುಕನ ಸೊಂಟ ಮುರಿದಿದೆ, ಗೊತ್ತಾ ನಿನಗೆ?"

"ತಾನೇ ಎದ್ದು ಹೋದ."

"ಎದ್ದು ಹೋಗಿ ಮನೇಲಿ ಬಿದ್ದಿದಾನೆ! ಏನಾಗಿದೆ ನಿನಗೆ? ಕಣ್ಣು ನೋಡ್ಕೊಂಡಿದೀಯಾ ಕನ್ನಡೀಲಿ?"

"ಚಾವಣಿ ಆರು ಮೀಟರ್‌ಗೆ ಬಂದಿದೆ ಅಣ್ಣ."

"ಸಾಕು ಮಾಡು ನಿನ್ನ ಮೀಟರು!" ಎಂದವನೇ ಮೇಜಿನ ಮೇಲಿದ್ದ ರೇಡಾರ್ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಆಮೇಲೆ ಊರಿನ ಜೊತೆ ಮಾತಾಡುವ ವೈರ್‌ಲೆಸ್ಸು. ಅದನ್ನು ಗೋಡೆಗೆ ಬಡಿದು, ಕೆಳಗೆ ಬಿದ್ದ ಮೇಲೆ ಬೂಟಿನಿಂದ ತುಳಿದ. ಇನ್ನು ಉಳಿದದ್ದು ನನ್ನ ಅಳತೆಯ ಪುಸ್ತಕಗಳು. ಹದಿಮೂರು ವರ್ಷದ್ದು. ಒಂದನ್ನು ಕೈಗೆತ್ತಿಕೊಂಡ.

ಮೂಲೆಯಲ್ಲಿ ಕೋಲುಗಳಿದ್ದವು. ಒಂದನ್ನು ತೆಗೆದು ಅವನ ಬಲಗೈ ಮಣಿಕಟ್ಟಿನ ಮೇಲೆ ಹೊಡೆದೆ. ಮೊದಲ ಏಟಿಗೆ ಪುಸ್ತಕ ಬಿತ್ತು. ಎರಡನೇ ಏಟಿಗೆ ಮೂಳೆ ಮುರಿಯಿತು. ಮೂರನೆಯದು ಬೇಕಿರಲಿಲ್ಲ, ಹೊಡೆದೆ.

ಅವನು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ನಿಂತ. "ಮರಿ," ಎಂದ. ಅಷ್ಟೇ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಗಿಲು ದಾಟಿದ.

ಪುಸ್ತಕಗಳಿಗೆ ಏನೂ ಆಗಿಲ್ಲ. ಒಂದರ ರಟ್ಟು ಮಾತ್ರ ಕಿತ್ತಿದೆ, ಅಂಟಿಸಿದೆ.

ಜುಲೈ ೭

ಅತ್ತಿಗೆ ಇಷ್ಟು ದೂರ ಏರಿ ಬಂದಿದ್ದರು. ಹೊಸಿಲಿನ ಒಳಗೆ ಬರಲಿಲ್ಲ. "ಅವರು ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಇವತ್ತೂ ಹೋಗಿದಾರೆ. ಮುಚ್ಚು ಅಂತ ನಾನೂ ಕಾಲು ಹಿಡಿದೆ. ನೀನು ಹೊಡೀದೆ ಇದ್ದಿದ್ರೆ ಕೇಳ್ತಿದ್ರೋ ಏನೋ. ಈಗ ಹಠ ಹಿಡಿದಿದಾರೆ," ಎಂದರು. ಒಳಗೆ ಬಂದು ಚಹಾ ಕುಡಿಯಿರಿ ಎಂದೆ. ಬೇಡ ಎಂದರು. ಕೋಲುಗಳಿರುವ ಮೂಲೆಯನ್ನೇ ನೋಡುತ್ತಿದ್ದರು.

ಜುಲೈ ೧೧

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿದ್ದಾಗ ಮೇಲಿನ ಕೆರೆಯ ದಡದಲ್ಲಿದ್ದೆ. ಅಲ್ಲಿ ಗೆರೆ ಹಾಕಿದ ಕಂಬವೊಂದಿದೆ, ನೀರಿನ ಮಟ್ಟ ನೋಡಲು. ಬೆಳಿಗ್ಗೆ ಮಟ್ಟ ಹದಿನಾರನೇ ಗೆರೆಯಲ್ಲಿತ್ತು. ನಾನು ಬ್ರೆಡ್ಡು ತಿನ್ನುತ್ತಾ ನೋಡುತ್ತಿದ್ದಂತೆ ಹದಿನೈದಕ್ಕೆ ಇಳಿಯಿತು. ಕಣ್ಣು ತಪ್ಪಿರಬೇಕು ಎಂದುಕೊಂಡೆ. ಹದಿನಾಲ್ಕು. ದಡದಲ್ಲಿ ತೇಲುತ್ತಿದ್ದ ಮಂಜಿನ ತುಂಡುಗಳೆಲ್ಲ ಒಂದೇ ದಿಕ್ಕಿಗೆ, ಹಿಮನದಿಯ ಗೋಡೆಯ ಕಡೆಗೆ, ಸರಿಯತೊಡಗಿದವು. ಕಾಲಡಿಯಲ್ಲಿ ಗುಡುಗಿದ ಹಾಗೆ ಆಯಿತು. ಗೋಡೆಯ ಬುಡ ಬಾಯಿ ತೆರೆದಿತ್ತು.

ತಿಳಿಸಲು ವೈರ್‌ಲೆಸ್ಸು ಇಲ್ಲ. ಓಡಿದೆ. ಕೆಳಗಿನವರೆಗೆ ಮೂರು ಕಿಲೋಮೀಟರ್. ಎರಡು ಸಲ ಬಿದ್ದೆ, ಒಂದು ಬಿರುಕನ್ನು ಹಾರಿದೆ, ಆ ಬಿರುಕನ್ನು ಬೇರೆ ದಿನವಾದರೆ ಸುತ್ತಿ ಹೋಗುತ್ತಿದ್ದೆ. ಮೂತಿ ಮುಟ್ಟಿದಾಗ ಮೂವತ್ತನಾಲ್ಕು ನಿಮಿಷವಾಗಿತ್ತು. ಗುಹೆಯಿಂದ ಹೊರಬೀಳುವ ತೊರೆ ಆಗಲೇ ಕೆಸರು ಬಣ್ಣಕ್ಕೆ ತಿರುಗಿತ್ತು.

ಒಳಗೆ ಹದಿನಾಲ್ಕು ಜನ. ಅಣ್ಣ ಪ್ಲಾಸ್ಟರಿನ ಕೈಯನ್ನು ಮೇಲೆತ್ತಿ ಚಾವಣಿ ತೋರಿಸುತ್ತಿದ್ದ.

"ಹೊರಗೆ ಹೋಗಿ! ಕೆರೆ ಒಡೆದಿದೆ! ಎಲ್ಲರೂ ಹೊರಗೆ!"

ಎಲ್ಲರೂ ತಿರುಗಿ ನೋಡಿದರು. ಅಣ್ಣ, "ನನ್ನ ತಂಗಿ. ಸ್ವಲ್ಪ ತಲೆ ಬಿಸಿ. ಹೆದರ್ಕೋಬೇಡಿ," ಎಂದ. ಯಾರೋ ನಕ್ಕರು. ದಪ್ಪನೆಯ ಒಬ್ಬ ಫೋನ್ ಎತ್ತಿ ನನ್ನ ಫೋಟೋ ತೆಗೆಯಲು ನಿಂತ. ನನ್ನ ಬೆನ್ನಿಗೆ ಮಂಜು ಕಡಿಯುವ ಕೊಡಲಿಯಿತ್ತು. ತೆಗೆದು ಹಿಡಿಯಿಂದ ಅವನ ಭುಜಕ್ಕೆ ಬಾರಿಸಿದೆ. ಅವನು ಕಿರುಚಿದ. ಪಕ್ಕದ ಹೆಂಗಸಿನ ತೊಡೆಗೆ ಹೊಡೆದೆ. ಆಮೇಲೆ ಕೊಡಲಿಯನ್ನು ತಿರುಗಿಸಿ, ಅಲಗು ಮುಂದೆ ಮಾಡಿ, ಎಡಕ್ಕೂ ಬಲಕ್ಕೂ ಬೀಸುತ್ತಾ ಅವರ ಮೇಲೆ ನುಗ್ಗಿದೆ. ಒಬ್ಬನ ಕೋಟಿನ ತೋಳು ಸೀಳಿತು, ಅದರ ಕೆಳಗಿನ ತೋಳೂ ಸೀಳಿರಬೇಕು. ಈಗ ಓಡಿದರು. ಒಬ್ಬರನ್ನೊಬ್ಬರು ತುಳಿದುಕೊಂಡು, ಗೋಡೆಗೆ ಮೈ ಉಜ್ಜಿಕೊಂಡು ನನ್ನ ಪಕ್ಕದಿಂದ ನುಸುಳಿ, ನನ್ನಿಂದ ತಪ್ಪಿಸಿಕೊಳ್ಳಲು ಹೊರಗೆ ಓಡಿದರು. ಬೇರೆ ಯಾವುದಕ್ಕೂ ಅವರು ಹಾಗೆ ಓಡುತ್ತಿರಲಿಲ್ಲ.

ಹಳದಿ ಜಾಕೀಟಿನವನೊಬ್ಬ ಮಾತ್ರ ಒಳಕ್ಕೆ ಓಡಿದ. ತಿರುವಿನ ಆಚೆ. ಯಾಕೆಂದು ತಿಳಿಯದು. ಹೊರಗಿನ ಬೆಳಕು ಎದುರಿಗೇ ಇತ್ತು, ಅದರ ಮುಂದೆ ನಾನು ನಿಂತಿದ್ದೆ ಅಷ್ಟೇ.

"ಏಯ್! ಆ ಕಡೆ ಅಲ್ಲ!" ಎಂದು ಅಣ್ಣ ಅವನ ಹಿಂದೆ ಹೊರಟ. ಆ ಹೊತ್ತಿಗೆ ಸದ್ದು ಕೇಳಿತು. ಒಳಗಿನಿಂದ ಗಾಳಿ ಬಂತು, ತಣ್ಣಗೆ, ಮಣ್ಣಿನ ವಾಸನೆಯದು. ಸುರಂಗದಲ್ಲಿ ನೀರು ಬರುವ ಮೊದಲು ಅದು ನೂಕಿದ ಗಾಳಿ ಬರುತ್ತದೆ. "ಅಣ್ಣಾ ಬೇಡ" ಎಂದೆ. ನಿಲ್ಲಲಿಲ್ಲ. ಮೊಣಕಾಲ ಹಿಂಭಾಗಕ್ಕೆ ಕೊಡಲಿಯ ಹಿಡಿಯಿಂದ ಹೊಡೆದೆ. ಬಿದ್ದ. ಎದ್ದೇಳಲು ನೋಡಿದ, "ಅವನು ಅಲ್ಲೇ ಇದಾನೆ, ಬಿಡು ನನ್ನ, ಅಲ್ಲೇ ಇದಾನೆ" ಎಂದ. ತಲೆಗೆ ಹೊಡೆದೆ. ಕುತ್ತಿಗೆಪಟ್ಟಿ ಹಿಡಿದು ಎಳೆದೆ. ಮಂಜಿನ ಮೇಲೆ ಎಂಥ ಮೈಯೂ ಜಾರುತ್ತದೆ.

ಬಾಯಿಯ ಹತ್ತಿರ ಬಂದಿದ್ದೆವು, ನೀರು ಬಂದೇ ಬಿಟ್ಟಿತು. ಕಂದು ಬಣ್ಣದ ಗೋಡೆ, ಕಾರಿನಷ್ಟು ಕಾರಿನಷ್ಟು ಮಂಜುಗಡ್ಡೆ ಉರುಳಿಸಿಕೊಂಡು. ನಮ್ಮಿಬ್ಬರನ್ನೂ ಎತ್ತಿ ಕಲ್ಲುರಾಶಿಯ ಮೇಲೆ ಎಸೆಯಿತು. ಅಲ್ಲಿ ಬಿದ್ದುಕೊಂಡೇ ನೋಡಿದೆ: ಗುಹೆಯ ಚಾವಣಿ ಒಮ್ಮೆ ಉಸಿರು ತೆಗೆದುಕೊಂಡ ಹಾಗೆ ಮೇಲಕ್ಕೆ ಉಬ್ಬಿ, ಅಡ್ಡಡ್ಡ ಸೀಳಿ, ಅಷ್ಟೂ ಒಳಗೆ ಕುಸಿಯಿತು. ಕಬ್ಬಿಣದ ಏಣಿ ದಾರದ ಹಾಗೆ ಸುತ್ತಿಕೊಂಡು ತೇಲಿ ಹೋಯಿತು. ಕಿವಿ ಬಹಳ ಹೊತ್ತು ಕೇಳಿಸಲಿಲ್ಲ.

ದಂಡೆಯ ಮೇಲೆ ಒಬ್ಬಳು ಹೆಂಗಸು ಜನರನ್ನು ಎಣಿಸುತ್ತಿದ್ದಳು. ಹದಿಮೂರಕ್ಕೆ ನಿಲ್ಲಿಸುವುದು, ಮತ್ತೆ ಒಂದರಿಂದ ಶುರು ಮಾಡುವುದು. ಹಳದಿ ಜಾಕೀಟಿನವನ ಹೆಂಡತಿ. ನಾನು ಹತ್ತಿರ ಹೋದೆ. ಕೈಯಲ್ಲಿ ಕೊಡಲಿ ಇನ್ನೂ ಇತ್ತು. ಅವಳು ಓಡಿಹೋದಳು.

ಮುರಿದು ಬಿದ್ದ ಚಾವಣಿಯ ಅಂಚನ್ನು ಸಂಜೆಯ ಬೆಳಕಿರುವಾಗಲೇ ಟೇಪಿನಿಂದ ಅಳೆದೆ. ನಾಲ್ಕು ಮೀಟರ್ ತೊಂಬತ್ತು. ನನ್ನ ಅಂದಾಜು ಐದು. ಹತ್ತು ಸೆಂಟಿಮೀಟರ್ ವ್ಯತ್ಯಾಸ, ರೇಡಾರ್ ಇಲ್ಲದೆ. ಕೆಟ್ಟದ್ದೇನಲ್ಲ.

ಜುಲೈ ೧೩

ಅವನು ಸಿಕ್ಕಿದ. ಸೇತುವೆಯಿದ್ದ ಜಾಗಕ್ಕಿಂತ ಎರಡು ಕಿಲೋಮೀಟರ್ ಕೆಳಗೆ. ಜಾಕೀಟಿನ ಬಣ್ಣದಿಂದ ಗುರುತಿಸಿದರಂತೆ.

ಜುಲೈ ೧೫

ಆಸ್ಪತ್ರೆಗೆ ಹೋಗಿದ್ದೆ. ಅಣ್ಣನಿಗೆ ತಲೆಗೆ ಹನ್ನೊಂದು ಹೊಲಿಗೆ, ಒಂದು ಕಾಲು ಮುರಿದಿದೆ, ಮಣಿಕಟ್ಟಿಗೆ ಮತ್ತೆ ಹೊಸ ಪ್ಲಾಸ್ಟರ್. ಕಿಟಕಿಯ ಪಕ್ಕದ ಮಂಚ. ಅತ್ತಿಗೆ ನನ್ನನ್ನು ನೋಡಿ, ಬಿಸಿನೀರು ತರುತ್ತೇನೆಂದು ಎದ್ದು ಹೋದವರು ಬರಲೇ ಇಲ್ಲ. ವಿಚಾರಣೆಯ ಅಧಿಕಾರಿ ಆಗಲೇ ಕುರ್ಚಿ ಎಳೆದುಕೊಂಡು ಕುಳಿತಿದ್ದರು.

"ಎಲ್ಲರೂ ಹೊರಗೆ ಓಡಿದ್ರು. ಆತ ಒಬ್ಬ ಯಾಕೆ ಒಳಗೆ ಓಡಿದ?"

"ದಾರಿ ತಪ್ಪಿರಬೇಕು ಸಾರ್," ಎಂದ ಅಣ್ಣ. "ಗಾಬರೀಲಿ ಗೊತ್ತಾಗಲ್ಲ."

"ನಿಮ್ಮ ತಂಗಿ ಅವರು ಕೊಡಲಿ ಬೀಸಿದ್ರು ಅಂತ ಆರು ಜನ ಬರೆದುಕೊಟ್ಟಿದಾರೆ."

"ಬೀಸದೆ ಇದ್ದಿದ್ರೆ ಹೀಗೆ ಬರೆದುಕೊಡೋಕೆ ಆ ಆರು ಜನ ಇರ್ತಿರಲಿಲ್ಲ. ಅದನ್ನೂ ಬರ್ಕೊಳಿ."

ಅಧಿಕಾರಿ ಬರೆದುಕೊಂಡರು. ಎದ್ದು ನನ್ನ ಕೈ ಕುಲುಕಿದರು. ಈ ಪ್ರದೇಶದ ಎಲ್ಲ ಗುಹೆಗಳನ್ನೂ ಮುಚ್ಚಿಸುವ ಆದೇಶ ಬಂದಿದೆಯಂತೆ, ನನ್ನ ವರದಿಗಳನ್ನು ಈಗ ಓದುತ್ತಿದ್ದಾರಂತೆ.

ಅವರು ಹೋದ ಮೇಲೆ ಅಣ್ಣ ಚಾವಣಿ ನೋಡುತ್ತಾ ಹೇಳಿದ.

"ಮರಿ, ಅವನು ದಾರಿ ತಪ್ಪಲಿಲ್ಲ. ನಿನ್ನ ನೋಡಿ ಓಡಿದ."

"ಎರಡು ನಿಮಿಷಾನೂ ಇರಲಿಲ್ಲ ಅಣ್ಣ. ನೀನು ಅವನ ಹಿಂದೆ ಹೋಗಿದ್ರೆ ನೀನೂ ಹೋಗ್ತಿದ್ದೆ."

"ಲೆಕ್ಕ ಸರಿಯಾಗೇ ಇದೆ." ನನ್ನ ಕಡೆ ತಿರುಗಿ, "ರಾತ್ರಿ ನಿದ್ದೆ ಬರುತ್ತಾ ನಿನಗೆ?" ಎಂದು ಕೇಳಿದ.

"ಚೆನ್ನಾಗಿ ಬರುತ್ತೆ."

ನಿಜವೇ ಹೇಳಿದೆ. ಜೂನ್‌ನಲ್ಲಿ ಬರುತ್ತಿರಲಿಲ್ಲ, ಈಗ ಚೆನ್ನಾಗಿ ಬರುತ್ತದೆ. ಅಣ್ಣನ ಕಣ್ಣಿನಲ್ಲಿ ನೀರು ಬಂತು. ಹೊಲಿಗೆಯ ನೋವಿರಬೇಕು. ನರ್ಸಿಗೆ ಹೇಳಬೇಕು.

ದಿಂಬು ಜಾರಿತ್ತು. ಸರಿ ಮಾಡೋಣವೆಂದು ಎದ್ದು ಅವನ ತಲೆಯ ಕಡೆ ಕೈ ಎತ್ತಿದೆ. ಅವನು ಫಕ್ಕನೆ ಎರಡೂ ಕೈಗಳಿಂದ, ಪ್ಲಾಸ್ಟರಿನ ಕೈಯಿಂದಲೂ, ಮುಖ ಮುಚ್ಚಿಕೊಂಡ. ಕಿಟಕಿಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಹೋಗಿ ಪರದೆ ಎಳೆದೆ.

ಪರದೆ ಎಳೆದ ಮೇಲೂ ಕೈ ಇಳಿಸಲಿಲ್ಲ.